ಬಾಯಿಗೆ ಬೀಗ, ಕೈಗೆ ವಹಿ

ಸರ್ಕಾರಿ ನೌಕರನು ಸದಾಕಾಲ ಪರಿಪೂರ್ಣ ಪ್ರಾಮಾಣಿಕನೂ ಕರ್ತವ್ಯನಿಷ್ಠನೂ ಆಗಿರತಕ್ಕದ್ದು, ಸರ್ಕಾರಿ ನೌಕರನಿಗೆ ತರವಲ್ಲದ ಯಾವುದನ್ನೂ ಮಾಡತಕ್ಕದ್ದಲ್ಲ ಎಂದು ನಡತೆ ನಿಯಮಗಳು ಆರಂಭದಲ್ಲಿಯೇ ವಿಧಿಸುತ್ತವೆ. ಕೇಂದ್ರದವರು ಇದನ್ನು 1964ರಲ್ಲಿ ಬರೆದರು, ನಮ್ಮ ರಾಜ್ಯದವರು 1966ರಲ್ಲಿ ಬರೆದರು, 2021ರಲ್ಲಿ ಹಳೆಯ ನಿಯಮಗಳನ್ನು ತೆಗೆದು ಹೊಸವನ್ನು ತಂದಾಗಲೂ ಪ್ರಾಮಾಣಿಕತೆಯನ್ನು ಕೈಬಿಡಲಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲವೂ ಒಂದು ಪುಟದಲ್ಲಿ ಮುಗಿಯುತ್ತಿತ್ತು. ಆದರೆ ಪ್ರಾಮಾಣಿಕತೆ ಪರಿಪೂರ್ಣವಾಗಿರಬೇಕೆಂದು ಒಮ್ಮೆ ಹೇಳಿದ ಮೇಲೆ, ಅದು ಎಲ್ಲೆಲ್ಲಿ ತುಸು ಕಡಿಮೆಯಾದರೂ ನಡೆದೀತು ಎಂಬುದನ್ನು ವಿವರಿಸಲು ಉಳಿದ ಪುಟಗಳು ಬೇಕಾದವು.

ಉದಾಹರಣೆಗೆ ಉಡುಗೊರೆಯ ವಿಷಯವನ್ನು ತೆಗೆದುಕೊಳ್ಳಿ. ಕೇಂದ್ರದ 13ನೇ ನಿಯಮದ ಪ್ರಕಾರ ಮದುವೆ, ವಾರ್ಷಿಕೋತ್ಸವ, ಅಂತ್ಯಕ್ರಿಯೆ ಮತ್ತು ಧಾರ್ಮಿಕ ಸಮಾರಂಭಗಳಲ್ಲಿ ಹತ್ತಿರದ ಬಂಧುಗಳಿಂದ ಉಡುಗೊರೆ ಪಡೆಯಬಹುದು. ಬೆಲೆ ಮಿತಿ ಮೀರಿದರೆ ಸರ್ಕಾರಕ್ಕೆ ತಿಳಿಸಬೇಕು. ಅಂತ್ಯಕ್ರಿಯೆಗೆ ಬಂದವರು ಉಡುಗೊರೆ ತಂದಾರು, ಅದು ಮಿತಿ ಮೀರಿದ ಬೆಲೆಯದಾಗಿದ್ದೀತು, ದುಃಖದ ನಡುವೆಯೂ ನೌಕರನು ವರದಿ ಬರೆಯಲು ಕೂರಬೇಕಾದೀತು ಎಂಬಷ್ಟು ದೂರದೃಷ್ಟಿ ನಿಯಮ ರಚಿಸಿದವರಿಗೆ ಇತ್ತು. ಅದೇ ನಿಯಮದ ಪ್ರಕಾರ ಅಪರೂಪಕ್ಕೊಮ್ಮೆ ಮಾಡಿದ ಊಟ ಉಡುಗೊರೆಯಲ್ಲ, ಯಾರದೋ ಕಾರಿನಲ್ಲಿ ಹತ್ತಿ ಹೋದರೆ ಅದೂ ಉಡುಗೊರೆಯಲ್ಲ. ಆದರೆ ಕಚೇರಿಯ ವ್ಯವಹಾರವಿರುವ ವ್ಯಕ್ತಿಯಿಂದ ಅದ್ದೂರಿಯ ಅಥವಾ ಪದೇ ಪದೇ ನಡೆಯುವ ಆತಿಥ್ಯವನ್ನು ಸ್ವೀಕರಿಸಬಾರದು. ಐದು ಮಂದಿ ಗುತ್ತಿಗೆದಾರರು ಸರದಿಯ ಮೇಲೆ ವಾರಕ್ಕೊಬ್ಬರಂತೆ ಊಟ ಹಾಕಿಸಿದರೆ ಯಾವೊಬ್ಬರದೂ ‘ಪದೇ ಪದೇ’ ಎನಿಸುವುದಿಲ್ಲ. ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ನೌಕರನನ್ನು ಕರ್ತವ್ಯನಿಷ್ಠನೆನ್ನದೆ ಏನೆನ್ನಬೇಕು?

ಇನ್ನು ನಮ್ಮ ಕಚೇರಿಗಳ ನಗದು ಘೋಷಣೆ ವಹಿ. ನೌಕರನು ಬೆಳಿಗ್ಗೆ ಬಂದೊಡನೆ ತನ್ನ ಜೇಬಿನಲ್ಲಿರುವ ಹಣವನ್ನು ಎಣಿಸಿ, ಅದರಲ್ಲಿ ಬರೆದು ಸಹಿ ಹಾಕಬೇಕು. ಮಧ್ಯಾಹ್ನ ಯಾರಾದರೂ ತಪಾಸಣೆಗೆ ಬಂದು ಹೆಚ್ಚಿನ ಹಣವನ್ನು ಕಂಡರೆ ಅದಕ್ಕೆ ಸಮಜಾಯಿಷಿ ಕೊಡಬೇಕು. ಈ ವಹಿಯ ಹಿಂದಿರುವ ನಂಬಿಕೆ ನಿಜಕ್ಕೂ ಮುಗ್ಧವಾದದ್ದು. ಲಂಚವೆಂಬುದು ಕಚೇರಿಯ ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ನೌಕರನ ಜೇಬಿಗೇ ಬಂದು ಬೀಳುತ್ತದೆ ಎಂದು ಅದು ತಿಳಿದಿದೆ. ಕಾಂಪೌಂಡಿನ ಹೊರಗೆ ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಕೂತಿರುವ ಮಧ್ಯವರ್ತಿಯ ಬಳಿ ಅಂಥ ವಹಿಯಿಲ್ಲ, ಏಕೆಂದರೆ ಆತ ಸರ್ಕಾರಿ ನೌಕರನಲ್ಲ, ಆತನಿಗೆ ನಡತೆ ನಿಯಮವೂ ಇಲ್ಲ.

ಕೈಯ ವಿಷಯದಲ್ಲಿ ಇಷ್ಟು ಸಾವಧಾನವಾಗಿರುವ ಶಿಸ್ತು ಬಾಯಿಯ ವಿಷಯಕ್ಕೆ ಬಂದಾಗ ಮಿಂಚಾಗುತ್ತದೆ. ನೌಕರನು ಸರ್ಕಾರವನ್ನು ಟೀಕಿಸುವಂತಿಲ್ಲ. 2023ರ ಮೇ ತಿಂಗಳಲ್ಲಿ, ಹೊಸ ಸರ್ಕಾರದ ಪ್ರಮಾಣ ವಚನದ ಸುಮಾರಿಗೆ, ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸಾಲ ಎಷ್ಟಿತ್ತೆಂಬ ಲೆಕ್ಕವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿ ಉಚಿತ ಯೋಜನೆಗಳ ಬಗ್ಗೆ ಟಿಪ್ಪಣಿ ಬರೆದ ಚಿತ್ರದುರ್ಗ ಜಿಲ್ಲೆಯ ಶಾಲಾ ಶಿಕ್ಷಕರೊಬ್ಬರು ಅಮಾನತಾದರು. ಮಕ್ಕಳಿಗೆ ಕೂಡುವ ಲೆಕ್ಕ ಕಲಿಸಬೇಕಾದವರು ತಾವೇ ಕೂಡಿ ನೋಡಿದ್ದು ತರವಲ್ಲದ ನಡತೆಯಾಯಿತು. ಹಾಗೆಂದು ಯಾವುದೋ ಒಂದು ಪಕ್ಷವನ್ನು ದೂರುವುದು ಅನ್ಯಾಯ. ಅದರ ಹಿಂದಿನ ವರ್ಷ, 2022ರ ಜುಲೈ 15ರಂದು, ಆಗಿನ ಸರ್ಕಾರ ಸಾರ್ವಜನಿಕರು ಸರ್ಕಾರಿ ಕಚೇರಿಗಳಲ್ಲಿ ಫೋಟೊ, ವಿಡಿಯೊ ತೆಗೆಯಬಾರದೆಂದು ಆದೇಶ ಹೊರಡಿಸಿತ್ತು. ಅವುಗಳಿಂದ ಸರ್ಕಾರದ ಘನತೆಗೆ ಕುಂದು ಬರುತ್ತದೆಂಬುದು ಕೊಟ್ಟ ಕಾರಣಗಳಲ್ಲೊಂದು. ಮೇಜಿನ ಕೆಳಗೆ ಕೈ ಚಾಚುವುದರಿಂದ ಬಾರದ ಕುಂದು ಅದರ ಚಿತ್ರ ತೆಗೆಯುವುದರಿಂದ ಬರುತ್ತದೆಂಬ ಈ ಸಂಶೋಧನೆಯನ್ನು ಜನರು ಒಪ್ಪಲಿಲ್ಲ. ಒಂದು ದಿನ ಕಳೆಯುವುದರೊಳಗೆ ಆದೇಶವನ್ನು ಹಿಂಪಡೆಯಬೇಕಾಯಿತು. ಸರ್ಕಾರಿ ಕಡತವೊಂದು ಅಷ್ಟು ಚುರುಕಾಗಿ ಓಡಾಡಿದ್ದನ್ನು ಕಣ್ಣಾರೆ ಕಂಡವರು ನಿಜಕ್ಕೂ ಭಾಗ್ಯವಂತರು.

ಲಂಚದ ಪ್ರಕರಣದಲ್ಲಿ ಆ ಅವಸರವನ್ನು ನಿರೀಕ್ಷಿಸಬಾರದು. ಅಲ್ಲಿ ‘ಇಲಾಖಾ ವಿಚಾರಣೆಯನ್ನು ಕಾಯ್ದಿರಿಸಿ’, ಅಂದರೆ ವಿಚಾರಣೆಯನ್ನು ಮುಂದಕ್ಕೆ ಇಟ್ಟುಕೊಂಡು, ಅಮಾನತು ಮಾಡುತ್ತಾರೆ. ಅಮಾನತು ಶಿಕ್ಷೆಯಲ್ಲ, 1957ರ ಶಿಸ್ತು ನಿಯಮಗಳ ದಂಡನೆಗಳ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಕೆಲಸ ಮಾಡುವಂತಿಲ್ಲ, ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡುವಂತಿಲ್ಲ, ಸುಮ್ಮನಿರುವುದಕ್ಕೆ ಜೀವನಾಧಾರ ಭತ್ಯೆಯುಂಟು. ಅತ್ತ ದೋಷಾರೋಪಣಾ ಪಟ್ಟಿ, ಲಿಖಿತ ಹೇಳಿಕೆ, ವಿಚಾರಣಾಧಿಕಾರಿ, ಮಂಡನಾಧಿಕಾರಿ ಎಂಬ ಮೆರವಣಿಗೆ ಹೊರಡುತ್ತದೆ. ವಿಚಾರಣಾಧಿಕಾರಿಗೆ ವರ್ಗವಾಗುತ್ತದೆ, ಸಾಕ್ಷಿಗೆ ಬಡ್ತಿಯಾಗುತ್ತದೆ, ಮೂಲ ದಾಖಲೆ ಬೇರೆ ಕಚೇರಿಯಲ್ಲಿದೆಯೆಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಆಪಾದಿತನು ಬೇರೊಂದು ಊರಿನಲ್ಲಿ ಮರುಸ್ಥಾಪಿತನಾಗಿ ಆಯುಧಪೂಜೆಗೆ ಕುಂಬಳಕಾಯಿ ಒಡೆಯುತ್ತಿರುತ್ತಾನೆ. (ಎಲ್ಲ ದಾಟಿ ‘ಸೇವೆಯಿಂದ ತೆಗೆದುಹಾಕಿದರೂ’ ಅದು ಮುಂದಿನ ಸರ್ಕಾರಿ ನೌಕರಿಗೆ ಅಡ್ಡಿಯಲ್ಲ, ಅಡ್ಡಿಯಾಗುವುದು ‘ವಜಾ’ ಮಾತ್ರವೆಂದು ನಿಯಮವೇ ಅಭಯ ನೀಡಿದೆ.)

ನೌಕರನು ನಿವೃತ್ತನಾದ ಮೇಲೂ ಸರ್ಕಾರವು ಆತನ ಪಿಂಚಣಿಗೆ ಕೈ ಹಾಕಬಹುದೆಂದು ಕೆ.ಸಿ.ಎಸ್.ಆರ್. (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 214ನೇ ನಿಯಮ ಗದರಿಸುತ್ತದೆ. ಆದರೆ ಸೇವೆಯಲ್ಲಿದ್ದಾಗ ವಿಚಾರಣೆ ಆರಂಭವಾಗಿರದಿದ್ದರೆ, ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಯ ಬಗ್ಗೆ ಹೊಸದಾಗಿ ಆರಂಭಿಸುವಂತಿಲ್ಲ. ಆದುದರಿಂದ ಕಡತವು ನಾಲ್ಕು ವರ್ಷ ತುಂಬಿದ ಮೇಲೆಯೇ ಕಪಾಟಿನಿಂದ ಹೊರಬಂದು, ಕಾಲಮಿತಿ ಮೀರಿದೆ ಎಂಬ ಷರಾದೊಂದಿಗೆ ಮುಕ್ತಾಯವಾಗುತ್ತದೆ. ಅಷ್ಟು ಕಾಲ ಅದನ್ನು ಇಟ್ಟುಕೊಂಡಿದ್ದವರ ಮೇಲಾದರೂ ಕ್ರಮ ಜರುಗಿಸಬಹುದಲ್ಲವೇ ಎಂದು ಯಾರಾದರೂ ಕೇಳಿದರೆ, ಸದರಿಯವರೂ ವಯೋನಿವೃತ್ತಿ ಹೊಂದಿ ನಾಲ್ಕು ವರ್ಷಗಳಾಗಿವೆ ಎಂಬ ಟಿಪ್ಪಣಿ ಮಂಡನೆಯಾಗುತ್ತದೆ.