ಕುರ್ಚಿ ಮೇಲೆ ಪೈನ್ ಕಾಯಿ ಯಾಕೆ? ಯಾರಾದರೂ ಹೇಳಿ

ಅಮ್ಮ ಕೂತಿದ್ದು ಕುರ್ಚಿ ಮೇಲೆ. ಲಾರ್ಡ್ ಸಾಹೇಬರ ತಲೆ ಮೇಲಲ್ಲ.

ಇಂಗ್ಲೆಂಡಿನ ಲಾರ್ಡ್ ಒಬ್ಬರ ಹಳೇ ಬಂಗಲೆ ನೋಡಿಕೊಂಡು ಮನೆಗೆ ಬಂದು ಮೂರು ಗಂಟೆ ಆಯಿತು, ಇನ್ನೂ ಮೈ ಉರಿಯುತ್ತಿದೆ. ಆ ಕುರ್ಚಿ ಮೇಲೆ ಪೈನ್ ಮರದ ಒಂದು ಒಣಗಿದ ಕಾಯಿ ಇತ್ತು. "ಪಾಪ, ಯಾವುದೋ ಮಗು ಬಿಟ್ಟು ಹೋಗಿದೆ" ಅಂತ ಅಮ್ಮ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ಮಂಡಿ ನೋವು. ಅಷ್ಟು ಹೊತ್ತಿಗೆ ಹನ್ನೊಂದು ಕೋಣೆ ಸುತ್ತಿದ್ದೆವು.

ಮೂಲೆಯಲ್ಲಿ ಕಾವಲು ನಿಂತಿದ್ದ ಅಜ್ಜಿ ಓಡಿ ಬಂದಳು. ಓಡಿ ಅಂದರೆ ಓಡಿಯೇ. "ಮೇಡಂ, ಮೇಡಂ, ಮೇಡಂ!" ಇಡೀ ಕೋಣೆ ತಿರುಗಿ ನೋಡಿತು. ಅಮ್ಮ ನಗುನಗುತ್ತಾ ಕಾಯಿಯನ್ನು ಅವಳತ್ತ ಚಾಚಿ ಕನ್ನಡದಲ್ಲೇ ಕೇಳಿದಳು, "ತಗೊಳ್ಳಿ, ನಿಮ್ಮ ಮೊಮ್ಮಗೂದಾ?"

ಅಮ್ಮ ಎದ್ದ ಮೇಲೆ ಆ ಅಜ್ಜಿ ಬಗ್ಗಿ ಕುರ್ಚಿಯ ರೇಷ್ಮೆಯನ್ನು ಪರೀಕ್ಷೆ ಮಾಡಿದಳು. ಆಮೇಲೆ ಕಾಯಿಯನ್ನು ಸರಿಯಾಗಿ ನಡುಮಧ್ಯ ಇಟ್ಟಳು. ಆ ಬಗ್ಗಿ ನೋಡಿದ್ದು ಇದೆಯಲ್ಲ, ಅದೇ ಕಣ್ಣಿಂದ ಹೋಗುತ್ತಿಲ್ಲ. ಬೆಳಗ್ಗೆ ಇಸ್ತ್ರಿ ಮಾಡಿ ಉಟ್ಟ ಸೀರೆ ಕಣ್ರೀ ಅದು.

ಕೂರಬೇಡಿ ಅನ್ನೋಕೆ ಕಾಯಿ ಇಡುತ್ತಾರಂತೆ. ಇಂಗ್ಲೆಂಡಿನ ಎಷ್ಟೋ ಹಳೇ ಬಂಗಲೆಗಳಲ್ಲಿ ಹೀಗೇ. ಕೆಲವು ಕಡೆ ಮುಳ್ಳಿನ ಒಣ ಹೂವು. ಮೈಸೂರು ಅರಮನೆಯಲ್ಲಿ ಚಪ್ಪಲಿ ಬಿಡಿ ಅನ್ನುತ್ತಾರೆ, ಬಿಡುತ್ತೇವೆ. ಬಾಯಿ ಬಿಟ್ಟು ಹೇಳೋಕೆ ಏನು ಕಷ್ಟ? ಇಲ್ಲಿ ಚಿತ್ರಕ್ಕೆ ಹೆಸರಿನ ಚೀಟಿಯಿಲ್ಲ, ಕುರ್ಚಿಗೆ ಬೋರ್ಡಿಲ್ಲ. ಎಲ್ಲ ನಮಗೇ ಗೊತ್ತಿರಬೇಕು.

ಹೋಗಲಿ ಬಿಡಿ, ಅವರದೂ ತಪ್ಪಿಲ್ಲ. ಅಷ್ಟು ಹಳೇ ರೇಷ್ಮೆ, ಬಂದವರೆಲ್ಲ ಕೂತರೆ ಚಿಂದಿಯಾಗುತ್ತೆ. ಬೆಳಕಿನ ಅಳತೆಯಲ್ಲಿ 50 ಲಕ್ಸ್‌ಗಿಂತ ಜಾಸ್ತಿ ಬೆಳಕೂ ಬೀಳಬಾರದು ಅಂತ ಪರದೆ ಇಳಿಸಿರುತ್ತಾರೆ. ಹದಿನೆಂಟನೇ ಶತಮಾನದ ಇಂಗ್ಲಿಷ್ ಚಿತ್ರಕಾರ ರೆನಾಲ್ಡ್ಸ್ ಬರೆದ ಎಷ್ಟೋ ಮುಖಗಳ ಕೆಂಪು ಅವನು ಬದುಕಿದ್ದಾಗಲೇ ಮಾಸಿ ಹೆಣದ ಹಾಗೆ ಬಿಳಿಚಿಕೊಂಡಿತ್ತಂತೆ. ಕಾಪಾಡಬೇಕು, ಸರಿ. ಆದರೆ ಆ ಮಬ್ಬಲ್ಲಿ 68 ವರ್ಷದ ಅಮ್ಮನಿಗೆ ಕಾಯಿ ಕಂಡಿದ್ದೇ ಹೆಚ್ಚು! ಇಲ್ಲ, ತಪ್ಪು ಅವರದೇ.

ಮತ್ತೆ ನಾನು? ಒಂಬತ್ತು ವರ್ಷದಿಂದ ಈ ದೇಶದಲ್ಲಿರುವ ಮಹಾಶಯ. ಅಮ್ಮನ ಪರ ಒಂದು ಮಾತಾಡಲಿಲ್ಲ. "ಸೋ ಸಾರಿ, ಸೋ ಸಾರಿ" ಅಂತ ಅವರದೇ ರಾಗದಲ್ಲಿ ಹಾಡಿದೆ. "ಏಳಮ್ಮ ಮೇಲೆ" ಅಂತ ಗದರಿದ್ದು ಆ ಅಜ್ಜಿಯಲ್ಲ, ನಾನು.

ಆಮೇಲೆ ಟೀ ಕುಡಿಯೋಕೆ ಹೋದೆವು. ಅಲ್ಲಿದ್ದದ್ದು ಪ್ಲಾಸ್ಟಿಕ್ ಕುರ್ಚಿ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಸೀಟನ್ನು ಒಮ್ಮೆ ಕೈಯಿಂದ ಸವರಿ ನೋಡಿ, ಮೆಲ್ಲಗೆ ಕೇಳಿದಳು, "ಇದರ ಮೇಲೆ ಕೂರಬಹುದಾ ಮಗಾ?"