ಮೊದಲ ಪೆಡಲ್ ಕಿಟ್ಟಾ? ಡಿಲೇ ಬೇಡ, ಬೂಸ್ಟರ್ ತಗೊಳ್ಳಿ

ಮೈಸೂರಿನಲ್ಲಿ ನನಗೆ ಗೊತ್ತಿರುವ ಒಂದಷ್ಟು ಗಿಟಾರ್ ಹುಡುಗರು ಈಗ ಪೆಡಲ್ (ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಕಿಟ್ ತರಿಸಿ ಮನೆಯಲ್ಲೇ ಜೋಡಿಸುತ್ತಿದ್ದಾರೆ. ಖುಷಿಯ ವಿಷಯವೇ. ಆದರೆ ಸೋಲ್ಡರಿಂಗ್ ಐರನ್ ಕೈಯಲ್ಲಿ ಹಿಡಿದೇ ಇಲ್ಲದವರು ನೇರವಾಗಿ ಡಿಲೇ, ಅಂದರೆ ಸದ್ದನ್ನು ಎಕೋ ಥರ ಮತ್ತೆ ಕೇಳಿಸುವ ಪೆಡಲ್ ಕಿಟ್ಟಿಗೆ ಕೈ ಹಾಕುತ್ತಾರಲ್ಲ, ಅದು ಬೇಡ ಅನ್ನುತ್ತೇನೆ.

ಮೊದಲು ಒಂದೇ ಟ್ರಾನ್ಸಿಸ್ಟರಿನ ಬೂಸ್ಟರ್ ಮಾಡಿ. "ಬರೀ ಸೌಂಡ್ ಜಾಸ್ತಿ ಮಾಡೋಕೆ ಒಂದು ಪೆಡಲ್ಲಾ ಅಣ್ಣ?" ಅಂತ ಮೊನ್ನೆ ಕುವೆಂಪುನಗರದ ಹುಡುಗನೊಬ್ಬ ಮೂಗು ಮುರಿದ. ಹೌದಪ್ಪಾ, ಅಷ್ಟಕ್ಕೇ. 1968ರಲ್ಲಿ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನವರು ತಂದ ಎಲ್‌ಪಿಬಿ-1 ಕೂಡ ಇದೇ ಜಾತಿಯದು. ಒಂದು ಟ್ರಾನ್ಸಿಸ್ಟರ್, ನಾಲ್ಕಾರು ಬಿಡಿಭಾಗ, ಒಂದು ವಾಲ್ಯೂಮ್. ಗಿಟಾರಿನ ಸಿಗ್ನಲ್ ಜೋರಾಗಿ ಹೋದರೆ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿರುವ ಹಳೇ ಮಾದರಿಯ ಆಂಪ್ಲಿಫೈಯರ್) ತಾನೇ ಗೊರಗೊರ ಅನ್ನಲು ಶುರು ಮಾಡುತ್ತದೆ. ಆ ಮಜಾ ಸಣ್ಣದಲ್ಲ.

ಬಿಡಿಭಾಗಗಳನ್ನು ಬೆಸೆಯುವ ಬೋರ್ಡಿನ ಕೆಲಸಕ್ಕೆ ಎಲ್ಲರೂ ಹೆದರುತ್ತಾರೆ, ಸುಮ್ನೆ. ರೆಸಿಸ್ಟರಿನ ಮೇಲೆ ಕಂದು, ಕಪ್ಪು, ಕಿತ್ತಳೆ ಪಟ್ಟಿ ಇದ್ದರೆ 10 ಕಿಲೋ ಓಮ್. ಅನುಮಾನ ಬಂದರೆ ಮಲ್ಟಿಮೀಟರ್ ಇಟ್ಟು ನೋಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಉದ್ದನೆಯ ಕಾಲು ಪ್ಲಸ್. ಮುಗಿಯಿತು.

ನಿಜವಾದ ತಲೆನೋವು ಬೋರ್ಡಿನ ಹೊರಗಿದೆ. ಕಾಲಲ್ಲಿ ಒತ್ತುವ ಸ್ವಿಚ್ಚಿಗೆ ಒಂಬತ್ತು ಕಾಲು. ಒಮ್ಮೆ ಒತ್ತಿದರೆ ಗಿಟಾರ್ ಬೋರ್ಡಿನ ಮೂಲಕ ಹೋಗಬೇಕು, ಇನ್ನೊಮ್ಮೆ ಒತ್ತಿದರೆ ನೇರವಾಗಿ ಆಂಪಿಗೆ. ಜೊತೆಗೆ ಎಲ್‌ಇಡಿಯೂ ಹತ್ತಿ ಆರಬೇಕು. ಇನ್‌ಪುಟ್ ಜ್ಯಾಕ್ ನೋಡಿದರೆ ಸ್ಟೀರಿಯೋ! ಗಿಟಾರ್ ಮೋನೋ ತಾನೇ, ಮೂರನೇ ಕಾಲು ಯಾಕೆ? ಬ್ಯಾಟರಿಯ ಮೈನಸ್ ವೈರ್ ಅಲ್ಲಿಗೆ ಹೋಗುತ್ತದೆ. ಕೇಬಲ್ ಚುಚ್ಚಿದಾಗ ಅದರ ಪಿನ್ನೇ ಆ ಕಾಲನ್ನು ಗ್ರೌಂಡಿಗೆ (ಸರ್ಕ್ಯೂಟಿನ ಮೈನಸ್ ಕಡೆಗೆ) ಸೇರಿಸುತ್ತದೆ, ಪೆಡಲ್ ಆನ್ ಆಗುತ್ತದೆ. ಕೇಬಲ್ ಕಿತ್ತರೆ ಬ್ಯಾಟರಿ ಖರ್ಚಾಗುವುದಿಲ್ಲ. ಇದನ್ನು ಯೋಚಿಸಿದವರ ತಲೆಗೆ ಶಭಾಷ್ ಅನ್ನಬೇಕು. ಆದರೆ ನಾನು ನೋಡಿದ ಕಿಟ್‌ಗಳ ಜೊತೆ ಬರುವ ಹಾಳೆಯಲ್ಲಿ ಬೋರ್ಡಿಗೆ ನಾಲ್ಕು ಚಿತ್ರ, ಈ ವೈರಿಂಗಿಗೆ ಒಂದು ಮಸುಕು ಚಿತ್ರ. ಬೂಸ್ಟರ್ ಆಗಲಿ, ಡಿಲೇ ಆಗಲಿ, ಈ ವೈರಿಂಗ್ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಸುಲಭದ ಬೋರ್ಡ್ ಇಟ್ಟುಕೊಂಡೇ ಅದನ್ನು ಕಲಿಯಬಹುದು ಅಲ್ವಾ? ಸದ್ದು ಬರದಿದ್ದರೂ ಹುಡುಕುವ ಜಾಗ ಕಮ್ಮಿ.

ಕಿಟ್ ಕೊಂಡರೆ ದುಡ್ಡು ಉಳಿಯುತ್ತದೆ ಅನ್ನುವ ಮಾತು ಮಾತ್ರ ನಂಬಬೇಡಿ. ಐರನ್, ಬೆಸುಗೆಯ ಲೆಡ್, ಮೀಟರ್, ವೈರ್ ಕಟರ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಡಬ್ಬಿಗೆ ತೂತು ಇಲ್ಲದಿದ್ದರೆ ಗ್ರಿಲ್ ಅಂಗಡಿಯವರನ್ನೂ ಕಾಡಬೇಕು. ಸ್ವಿಚ್ಚಿಗೆ 12 ಮಿಲಿಮೀಟರ್ ತೂತು ಬೇಕು, ಮನೆಯ ಡ್ರಿಲ್ಲಿನಲ್ಲಿ ಅದು ನೆಟ್ಟಗೆ ಬರುವುದು ಕಷ್ಟ.

ಇನ್ನೊಂದು. ಮನೆಯಲ್ಲಿ ಬಿದ್ದಿರುವ ಹಳೇ ವೈಫೈ ರೌಟರಿನ ಪವರ್ ಅಡಾಪ್ಟರನ್ನು ಪೆಡಲಿಗೆ ಚುಚ್ಚಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಪ್ಲಸ್, ಹೆಚ್ಚಿನ ಪೆಡಲ್‌ಗಳಲ್ಲಿ ನಡುವಿನದು ಮೈನಸ್. ಮೊದಲ ಸಲಕ್ಕೆ 9 ವೋಲ್ಟ್ ಬ್ಯಾಟರಿಯೇ ಒಳ್ಳೆಯದು. ಡಬ್ಬಿಗೆ ತುಂಬುವ ಮುಂಚೆಯೇ ಟೇಬಲ್ ಮೇಲೆ ಹರಡಿಟ್ಟು ನುಡಿಸಿ ನೋಡಿ.

ಆಮೇಲೆ ಡಿಲೇ ತರಿಸಿ, ನಾನೇನೂ ಅಡ್ಡ ಬರುವುದಿಲ್ಲ. ಅಗ್ಗದ ಡಿಲೇ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಪಿಟಿ2399 ಚಿಪ್ ಇರುತ್ತದೆ. ಕರೋಕೆ ಮೈಕಿಗೆ ಎಕೋ ಕೊಡುವ ಚಿಪ್ ಅದು. ಓಡುವುದು 5 ವೋಲ್ಟಿನಲ್ಲಿ, ಹಾಗಾಗಿ ಬೋರ್ಡಿನಲ್ಲಿ 9 ವೋಲ್ಟನ್ನು 5ಕ್ಕೆ ಇಳಿಸುವ ರೆಗ್ಯುಲೇಟರೂ ಇರುತ್ತದೆ. ಸದ್ದು ಬರದಿದ್ದರೆ ಮೊದಲು ಮೀಟರ್ ಇಡಬೇಕಾದ್ದು ಅಲ್ಲಿಗೆ.