ಪಾತಾಳಕ್ಕಿಳಿದ ಸೊಸೆ

ಕಂಪ್ಯೂಟರ್ ಆಟವೊಂದಕ್ಕೆ ಹೊಸ ಎಕ್ಸ್‌ಪಾನ್ಷನ್, ಅಂದರೆ ಮುಂದಿನ ಕಂತು, ಬರುತ್ತದೆ ಅಂದರೆ ಬೆಂಗಳೂರಿನ ಗೇಮರುಗಳು ಆಫೀಸಿಗೆ ರಜೆ ಹಾಕುತ್ತಾರೆ, ಪಿಜ್ಜಾ ತರಿಸಿಕೊಳ್ಳುತ್ತಾರೆ. ನಮ್ಮ ಬಣಕಲ್ ಕಡೆ ತಯಾರಿಯೇ ಬೇರೆ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿಸಬೇಕು, ಲೈನ್‌ಮನ್ ನಂಬರು ಫೋನಿನಲ್ಲಿ ಇದೆಯಾ ನೋಡಿಕೊಳ್ಳಬೇಕು, ಉಳಿದದ್ದು ಮಳೆಗೆ ಬಿಟ್ಟದ್ದು. ‘ಬಂದರೆ ಮಘೆ, ಇಲ್ಲದಿದ್ದರೆ ಹೊಗೆ’ ಅಂತ ಗಾದೆ ಇದೆಯಲ್ಲ, 2024ರಲ್ಲಿ ಮಘೆ ಬಂದೇ ಬಂತು. ಅದೇ ವಾರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹತ್ತನೇ ಎಕ್ಸ್‌ಪಾನ್ಷನ್ ‘ದಿ ವಾರ್ ವಿದಿನ್’ ಕೂಡ ಬಂತು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಆಟ ಶುರುವಾಗಿದ್ದು 2004ರ ನವೆಂಬರಿನಲ್ಲಿ. ಅಜೆರಾತ್ ಅಂತ ಒಂದು ಲೋಕ. ಅದರಲ್ಲಿ ಮಾಂತ್ರಿಕರು, ಕುಳ್ಳರು, ಡ್ರ್ಯಾಗನ್ನುಗಳು, ಜೊತೆಗೆ ದೇಶ ದೇಶದಿಂದ ಬಂದು ಓಡಾಡುವ ನನ್ನಂಥವರು. ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಹೊಸ ಜಾಗ, ಹೊಸ ಕಥೆ, ಹೊಸ ಲೆವೆಲ್ಲು ಸೇರಿಸುತ್ತಾರೆ. ಈ ಸಲ 70ರಿಂದ 80ಕ್ಕೆ ಏರಬೇಕಿತ್ತು. ಏರುವುದಕ್ಕೆ ಇಳಿಯಬೇಕಿತ್ತು, ಯಾಕೆಂದರೆ ಕಥೆಯ ಮುಕ್ಕಾಲು ಪಾಲು ನೆಲದಡಿಯಲ್ಲಿ ನಡೆಯುತ್ತದೆ.

ನಾನು ಹಾಸನದ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದದ್ದು ತೋಟದ ನಡುವಿನ ಒಂಟಿ ಮನೆಗೆ. ಮನೆಯಿಂದಲೇ ಕೆಲಸ ಮಾಡುತ್ತೇನೆ. ಅತ್ತೆಗೆ ನನ್ನ ಕೆಲಸದ ಬಗ್ಗೆ ಗೊತ್ತಿರುವುದು ಇಷ್ಟೇ: ಸೊಸೆ ಅಮೆರಿಕದವರಿಗೆ ದುಡಿಯುತ್ತಾಳೆ, ಅವರಿಗೆ ಹಗಲಾದಾಗ ನಮಗೆ ರಾತ್ರಿ. ಹಾಗಾಗಿ ಅಪರಾತ್ರಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರೆ ಯಾರೂ ಏನೂ ಕೇಳುವುದಿಲ್ಲ. ಕನಿಕರ ಬೇರೆ ಪಡುತ್ತಾರೆ. ಸಿಕ್ಕ ಕನಿಕರವನ್ನು ಯಾಕೆ ಬೇಡ ಅನ್ನಲಿ?

ಆಟ ಬಿಡುಗಡೆಯಾಗುವ ಹೊತ್ತು ಕ್ಯಾಲಿಫೋರ್ನಿಯಾದಲ್ಲಿ ಆಗಸ್ಟ್ 26ರ ಮಧ್ಯಾಹ್ನ 3 ಗಂಟೆ. ನಮಗೆ 27ರ ಬೆಳಗಿನ ಜಾವ ಮೂರೂವರೆ. ಕೃಷ್ಣ ಜನ್ಮಾಷ್ಟಮಿಯ ರಾತ್ರಿ ಅದು. ಪಕ್ಕದ ತೋಟದವರು ಕಳಿಸಿದ ಚಕ್ಕುಲಿ, ಉಂಡೆ ಡಬ್ಬಿ ತುಂಬ ಇತ್ತು. ಈ ಆಟಕ್ಕೆ ಕಂಪ್ಯೂಟರಿನಲ್ಲಿ 128 ಜಿಬಿ ಜಾಗ ಬೇಕು. ಹೊಸದಾಗಿ ಇಳಿಸಬೇಕಾದದ್ದನ್ನೆಲ್ಲ ಮೊದಲೇ ಇಳಿಸಿಟ್ಟಿದ್ದೆ. ನಮ್ಮ ವೈಫೈ ಕೇಬಲ್ ಬರುವುದು ಸಿಲ್ವರ್ ಮರದಿಂದ ಸಿಲ್ವರ್ ಮರಕ್ಕೆ ಕಟ್ಟಿಕೊಂಡು. ಮಂಗ ಜೋತು ಬಿದ್ದರೆ ಇಂಟರ್ನೆಟ್ ನಿಧಾನ, ಕೊಂಬೆ ಬಿದ್ದರೆ ಇಂಟರ್ನೆಟ್ಟೇ ಇಲ್ಲ. ಅವತ್ತು ಮಂಗಗಳೂ ಮಲಗಿದ್ದವು.

ಬಚ್ಚಲಿಗೆ ಎದ್ದ ಅತ್ತೆ ನನ್ನ ಕೋಣೆಯ ಬೆಳಕು ನೋಡಿ ಬಾಗಿಲಲ್ಲಿ ನಿಂತರು. “ಇನ್ನೂ ಮುಗಿಲಿಲ್ವಾ ಮಗಾ? ಏನು ಜನ ಇವರು, ಒಂದು ಹಬ್ಬ ಇಲ್ಲ, ಹರಿದಿನ ಇಲ್ಲ” ಅಂತ ಇಡೀ ಅಮೆರಿಕಕ್ಕೆ ಬೈದು, ಚಕ್ಕುಲಿ ಡಬ್ಬಿ ಕೈಗೆಟಕುವ ಹಾಗೆ ಇಟ್ಟು ಹೋದರು.

ಈಗ ಆಟದ ವಿಷಯಕ್ಕೆ ಬರೋಣ. ದಲರಾನ್ ಅಂತ ಮಾಂತ್ರಿಕರ ಊರೊಂದಿದೆ, ಆಕಾಶದಲ್ಲಿ ತೇಲುವ ಊರು. 2008ರ ಎಕ್ಸ್‌ಪಾನ್ಷನ್‌ನಲ್ಲಿ ಅದೇ ಎಲ್ಲರ ಬಿಡಾರ. 2016ರಲ್ಲಿ ಮತ್ತೆ ಅದೇ. ಹಳಬರಿಗೆ ಅಲ್ಲಿನ ಒಂದೊಂದು ಓಣಿಯೂ ಬಾಯಿಪಾಠ. ಈ ಸಲ ಕಥೆ ಶುರುವಾದ ಸ್ವಲ್ಪ ಹೊತ್ತಿಗೇ ಜಲಾತಾತ್ ಅನ್ನುವ ಮಾಯಾವಿ ಹೆಂಗಸು ಜೇಡಸೈನ್ಯ ಕಟ್ಟಿಕೊಂಡು ಬಂದು ಇಡೀ ಊರನ್ನು ಪುಡಿ ಮಾಡಿ ಕೆಡವುತ್ತಾಳೆ. ನನಗೆ ತಡೆಯಲಿಲ್ಲ. “ಅಯ್ಯೋ, ದಲರಾನ್ ಬಿತ್ತಲ್ರೀ!” ಅಂತ ಕೂಗಿಬಿಟ್ಟೆ.

ನಿದ್ದೆಗಣ್ಣಿನ ಗಂಡನಿಗೆ ಅದು “ಧರೆ ಬಿತ್ತಲ್ರೀ” ಅಂತ ಕೇಳಿಸಿತು. ಮಲೆನಾಡಿನ ಮಳೆಗಾಲದಲ್ಲಿ ಧರೆ ಬೀಳುವುದು ಅಂದರೆ ತಮಾಷೆಯಲ್ಲ, ಮನೆ ಹಿಂದಿನ ಮಣ್ಣಿನ ಗೋಡೆಯೇ ಕುಸಿದು ಅಡುಗೆಮನೆಗೆ ಬರುತ್ತದೆ. ನಾನು ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಅವರು ಟಾರ್ಚು ಹಿಡಿದು, ಕಂಬಳಿ ಕೊಪ್ಪೆ ಹಾಕಿ ಹಿತ್ತಿಲಿಗೆ ಓಡಿಯಾಗಿತ್ತು. ಮಾವನೂ ಎದ್ದರು. ನಾಯಿಯೂ ಬೊಗಳಿತು. ಮೂವರೂ ಮಳೆಯಲ್ಲಿ ಧರೆಯ ಉದ್ದಕ್ಕೂ ಬೆಳಕು ಬಿಟ್ಟು ನೋಡಿ, ಗಟ್ಟಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು ಒಳಗೆ ಬಂದರು. “ಏನೂ ಬಿದ್ದಿಲ್ಲ ಮಾರಾಯ್ತಿ. ಮರದ ಕೊಂಬೆ ಇರಬೇಕು, ನೀನು ಕೆಲಸ ಮಾಡ್ಕೋ” ಅಂದರು. ಕಾಲಿಗೆ ಇಂಬಳ ಹತ್ತಿತ್ತು ಪಾಪ. ಸುಣ್ಣ ತಂದುಕೊಟ್ಟೆ. ದಲರಾನಿನ ವಿಷಯ ಎತ್ತಲಿಲ್ಲ.

ಊರು ಬಿದ್ದ ಮೇಲೆ ಕಣ್ಣು ಬಿಡುವುದು ಡಾರ್ನ್ ದ್ವೀಪದಲ್ಲಿ. ಬೆಟ್ಟ, ಹುಲ್ಲುಗಾವಲು, ತೊರೆ. ಚೆನ್ನಾಗಿ ಮಾಡಿದ್ದಾರೆ. ಆದರೆ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲೂಕಿನವರಿಗೆ ಹಸಿರು ತೋರಿಸಿ ಬೆರಗು ಹುಟ್ಟಿಸುವುದು ಕಷ್ಟ. ಅಲ್ಲಿನವರು ಅರ್ಥನ್ ಅಂತ, ಕಲ್ಲಿನ ಜನ. ಅವರಿಗೆ ನಮ್ಮ ಊಟ ಸೇರುವುದಿಲ್ಲ, ರತ್ನದ ಹರಳು ಅಗಿಯುತ್ತಾರೆ. ಪಾತ್ರಗಳ ಹೊಸ ವಿದ್ಯೆಗಳೂ ಬಂದಿವೆ, 71ನೇ ಲೆವೆಲ್ಲಿನಿಂದ ತೆರೆದುಕೊಳ್ಳುತ್ತವೆ. ಅಂಥ ಹೇಳಿಕೊಳ್ಳುವ ಫರಕು ನನಗೆ ಕಾಣಲಿಲ್ಲ. ಹಾರಾಟ ಮಾತ್ರ ಮಜಾ. ಹಿಂದಿನ ಎಕ್ಸ್‌ಪಾನ್ಷನ್‌ನಲ್ಲಿ ಡ್ರ್ಯಾಗನ್ನಿಗೆ ಮಾತ್ರ ಇದ್ದ ವೇಗದ ಹಾರಾಟವನ್ನು ಈಗ ನಾವು ಸಾಕಿದ ಬೇರೆ ಸವಾರಿಗಳಿಗೂ ಕೊಟ್ಟಿದ್ದಾರೆ. ಬೆಟ್ಟದ ತುದಿಯಿಂದ ಧುಮುಕಿ, ನೆಲ ತಾಗುವಷ್ಟರಲ್ಲಿ ಮೇಲೆದ್ದು ಹೋಗಬಹುದು. ಪಿಕಪ್ ತಗೊಂಡು ವಾರವಿಡೀ ಚಾರ್ಮಾಡಿ ಹತ್ತಿ ಇಳಿಯುವ ನನ್ನ ಮೈದುನ ಪಕ್ಕದಲ್ಲಿ ಕೂತು ಎರಡೇ ನಿಮಿಷ ನೋಡಿದ. ಆಮೇಲೆ “ಅತ್ತಿಗೆ, ನಿಂಬೆಹಣ್ಣು ಇದ್ಯಾ?” ಅಂದ.

ಅಲ್ಲಿಂದ ಕೆಳಗಿಳಿದರೆ ರಿಂಗಿಂಗ್ ಡೀಪ್ಸ್. ಯಂತ್ರಗಳು, ಗುಹೆಗಳು, ಕೋಬೋಲ್ಡ್ ಅನ್ನುವ ಇಲಿಮೂತಿಯ ಕುಳ್ಳರು. ತಲೆಯ ಮೇಲೆ ಮೇಣದಬತ್ತಿ ಹಚ್ಚಿಕೊಂಡು ಓಡಾಡುತ್ತಾರೆ. ಆ ಬತ್ತಿಯೇ ಅವರ ಪ್ರಾಣ, ಯಾರಾದರೂ ಮುಟ್ಟಲು ಹೋದರೆ ಕಚ್ಚಾಡುತ್ತಾರೆ. ಅಲ್ಲೇ ಒಂದು ಡಂಜನ್ (ಸಣ್ಣ ತಂಡ ಕಟ್ಟಿಕೊಂಡು ನುಗ್ಗಿ ರಾಕ್ಷಸರನ್ನು ಹೊಡೆಯುವ ಜಾಗ) ಇದೆ, ಡಾರ್ಕ್‌ಫ್ಲೇಮ್ ಕ್ಲೆಫ್ಟ್. ಅದರ ಕೊನೆಯ ರಾಕ್ಷಸನೇ ಕತ್ತಲೆ. ಐದು ಜನ ಸೇರಿ ಒಂದು ಮೇಣದಬತ್ತಿ ಆರದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ ಕೆಲಸ. ನಾವು ಸರಿಯಾಗಿ ಅಲ್ಲಿಗೆ ತಲುಪಿದಾಗ ನಮ್ಮನೆ ಕರೆಂಟು ಹೋಯಿತು. ಕಂಪ್ಯೂಟರಿಗೆ, ವೈಫೈ ಡಬ್ಬಿಗೆ ಯುಪಿಎಸ್ ಇದೆ. ಲೈಟಿಗೆ ಇಲ್ಲ. ಕೀಬೋರ್ಡ್ ಕಾಣಲಿ ಅಂತ ಮೇಜಿನ ಮೇಲೆ ಬತ್ತಿ ಹಚ್ಚಿಟ್ಟುಕೊಂಡೆ. ಪರದೆಯ ಮೇಲಿನ ಬತ್ತಿ ಸಣ್ಣಗಾಗುತ್ತಿತ್ತು, ಎಲ್ಲರೂ ಅದನ್ನು ಉಳಿಸಲು ಒದ್ದಾಡುತ್ತಿದ್ದೆವು. ಆಗ ಅತ್ತೆ ಬಂದು “ಇದೊಂದು ಕೊಡು ಮಗಾ, ಬಚ್ಚಲೊಲೆ ಉರಿ ನೋಡ್ಬೇಕು” ಅಂತ ನನ್ನ ಬತ್ತಿ ಎತ್ತಿಕೊಂಡು ಹೋದರು. ಕೋಬೋಲ್ಡುಗಳ ಸಂಕಟ ನನಗೆ ಆವತ್ತು ಪೂರ್ತಿ ಅರ್ಥವಾಯಿತು.

ಅದರ ಕೆಳಗೆ ಹ್ಯಾಲೋಫಾಲ್. ಇಡೀ ಎಕ್ಸ್‌ಪಾನ್ಷನ್‌ನಲ್ಲಿ ನನಗೆ ಬಹಳ ಇಷ್ಟವಾದ ಜಾಗ. ನೆಲದಡಿಯಲ್ಲೇ ಒಂದು ಕಡಲು, ಹೊಲ, ಗದ್ದೆ, ಹಾರುವ ಹಡಗು. ಸೂರ್ಯ ಇಲ್ಲ. ಅದರ ಬದಲು ಗುಹೆಯ ಚಾವಣಿಯಿಂದ ಬೆಲೆದಾರ್ ಅನ್ನುವ ಭಾರಿ ಸ್ಫಟಿಕ ಇಳಿಬಿದ್ದಿದೆ. ಅದರದ್ದೇ ಬೆಳಕು. ಮೊದಲ ಸಲ ಗುಹೆ ದಾಟಿ ಆ ಬಯಲಿಗೆ ಹಾರಿದಾಗ ಚಕ್ಕುಲಿ ಬಾಯಿಗಿಡುವುದು ಮರೆತೆ. ಕೆಲವು ಗಂಟೆಗೊಮ್ಮೆ ಆ ಸ್ಫಟಿಕ ನೇರಳೆ ಬಣ್ಣಕ್ಕೆ ತಿರುಗಿ ಲೋಕಕ್ಕೆಲ್ಲ ಕತ್ತಲು ಕವಿಯುತ್ತದೆ, ಕಡಲಿನಿಂದ ಪಿಶಾಚಿಗಳು ಏಳುತ್ತವೆ. ಅಲ್ಲಿನ ಅರಾಥಿ ಜನ ದೀಪ ಹಚ್ಚಿಕೊಂಡು ಕಾವಲು ನಿಲ್ಲುತ್ತಾರೆ. ಇಲ್ಲಿ ನನ್ನ ಒಂದು ತಕರಾರಿದೆ. ಇದನ್ನು ದೊಡ್ಡ ಗಂಡಾಂತರ ಅಂತ ತೋರಿಸುತ್ತಾರೆ. ಆದರೆ ಅಲ್ಲಿ ಕತ್ತಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಯಾವ ಅರಾಥಿಯೂ ಲೈನ್‌ಮನ್‌ಗೆ ಫೋನ್ ಮಾಡಿ “ಅಣ್ಣಾ, ಎಷ್ಟೊತ್ತಿಗೆ ಬರತ್ತೆ?” ಅಂತ ಕೇಳಬೇಕಾಗಿಲ್ಲ. ಇದಕ್ಕೆ ಗಂಡಾಂತರ ಅಂತ ಹೆಸರಿಟ್ಟರೆ ನಮ್ಮದಕ್ಕೆ ಏನಂತ ಇಡುವುದು?

ಕಟ್ಟಕಡೆಯ ಪಾತಾಳ ಅಜ್-ಕಹೆತ್. ಜೇಡಗಳ ರಾಜ್ಯ. ರಾಣಿಯ ಹೆಸರು ಅನ್ಸುರೆಕ್.

ನನಗೆ ಜೇಡ ಅಂದರೆ ಆಗುವುದಿಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಅಟ್ಟದ ಮೇಲೆ ಅಂಗೈ ಅಗಲದ್ದೊಂದನ್ನು ನೋಡಿ, ಹಾಸನಕ್ಕೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ್ದೆ. ಪುಣ್ಯಕ್ಕೆ ಆಟ ಮಾಡಿದವರಲ್ಲೂ ನನ್ನಂಥವರು ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇಟ್ಟಿದ್ದಾರೆ. ಅದನ್ನು ಒತ್ತಿದರೆ ಆಟದ ಜೇಡಗಳೆಲ್ಲ ಏಡಿಗಳಾಗುತ್ತವೆ. ಸುಳ್ಳಲ್ಲ, ನಿಜವಾಗಿಯೂ ಏಡಿ. ಮಾತಾಡುವ ಜೇಡಮನುಷ್ಯರು ಮಾತ್ರ ಇದ್ದ ಹಾಗೇ ಇರುತ್ತಾರೆ, ಅವರನ್ನು ಹೇಗೋ ಸಹಿಸಿಕೊಳ್ಳಬಹುದು.

ಎಡವಟ್ಟಾಗಿದ್ದು ಇಲ್ಲೇ. ಮಧ್ಯಾಹ್ನದ ಕಾಫಿ ತಂದ ಅತ್ತೆ ಪರದೆ ನೋಡಿ ನಿಂತುಬಿಟ್ಟರು. ಅಷ್ಟು ದಿನ ನನ್ನ ಅಮೆರಿಕದ ಕೆಲಸದಲ್ಲಿ ಅವರಿಗೆ ಅರ್ಥವಾಗುವಂಥದ್ದು ಏನೂ ಇರಲಿಲ್ಲ. ಈಗ ಇತ್ತು.

“ಏಡಿ!” ಅಂದರು.

“ಹೂಂ ಅತ್ತೆ.”

“ಇಷ್ಟು ದಪ್ಪದ್ದಾ? ಅಮೆರಿಕದ್ದಾ?”

ಕುರ್ಚಿ ಎಳೆದುಕೊಂಡು ಕೂತರು. ಗದ್ದೆ ಏಡಿಗೂ ಕಲ್ಲೇಡಿಗೂ ರುಚಿಯಲ್ಲಿ ಏನು ವ್ಯತ್ಯಾಸ, ಯಾವುದನ್ನು ಜಜ್ಜಿ ರಸ ಹಿಂಡಬೇಕು, ಯಾವುದನ್ನು ಹಾಗೇ ಹಾಕಬೇಕು, ಮಳೆಗಾಲದಲ್ಲಿ ಶೀತಕ್ಕೆ ಅದರ ಸಾರು ಎಷ್ಟು ಒಳ್ಳೆಯದು, ಎಲ್ಲ ಹೇಳಿದರು. ನಾನು ಇತ್ತ ಒಂದಾದ ಮೇಲೊಂದು ಏಡಿ ಕೊಲ್ಲುತ್ತಿದ್ದೆ. ಸತ್ತವನ್ನು ಅಲ್ಲೇ ಬಿಟ್ಟು ಮುಂದೆ ಹೋಗುವುದು ಅವರಿಗೆ ಸರಿ ಬರಲಿಲ್ಲ. “ಅಷ್ಟೂ ದಂಡ ಮಾಡ್ತಿದ್ದೀಯಲ್ಲ, ಎತ್ಕೊಂಡಾದರೂ ಹೋಗು.” ಆಮೇಲೆ ನನ್ನ ಕೈಚಳಕಕ್ಕೂ ಕೊಕ್ಕೆ ಹಾಕಿದರು. “ಎದುರಿಂದ ಹೋಗ್ಬಾರದು ಕಣೇ, ಕಚ್ಚತ್ತೆ. ಹಿಂದಿನಿಂದ ಹೋಗಿ ಬೆನ್ನಿಗೆ ಕೈ ಹಾಕ್ಬೇಕು.” ನನ್ನ ಪಾತ್ರ ರೋಗ್, ಬೆನ್ನ ಹಿಂದಿನಿಂದ ಬಂದು ಚೂರಿ ಹಾಕುವ ಜಾತಿ. ಹಳೇ ಆಟಗಾರರು ಹೇಳಿಕೊಡುವುದೂ ಅತ್ತೆ ಹೇಳಿದ್ದನ್ನೇ.

ಸ್ವಲ್ಪ ಮುಂದೆ ಹೋದರೆ ದೊಡ್ಡದೊಂದು ಬಲೆ, ಅದರ ನಡುವೆ ಏಡಿ. ಅತ್ತೆ ಕನ್ನಡಕ ಸರಿ ಮಾಡಿಕೊಂಡರು. “ಏಡಿ ಬಲೆಗೆ ಬೀಳೋದು ನೋಡಿದ್ದೀನಿ. ಏಡೀನೇ ಬಲೆ ನೇಯೋದು ಇವತ್ತೇ ನೋಡಿದ್ದು” ಅಂದರು. ಸಂಜೆ ಮೈದುನನನ್ನು ಹಳ್ಳಕ್ಕೆ ಅಟ್ಟಿದರು. ರಾತ್ರಿ ಏಡಿ ಸಾರು, ಕಡುಬು. ಆದರೆ ಈಗ ಅವರಿಗೆ ನನ್ನ ಕಂಪನಿ ಮೀನು ವ್ಯಾಪಾರದ್ದು ಅಂತ ಗಟ್ಟಿಯಾಗಿದೆ. ನೆಂಟರಿಗೆಲ್ಲ ಹಾಗೇ ಹೇಳುತ್ತಾರೆ.

ಇಷ್ಟೆಲ್ಲ ಹೇಳಿ ಈ ಎಕ್ಸ್‌ಪಾನ್ಷನ್ ಹೇಗಿದೆ ಅಂತ ಹೇಳದಿದ್ದರೆ ಆಗಲ್ಲ, ಅಲ್ವಾ? ನನ್ನ ಪ್ರಕಾರ ಕಥೆ ಪರವಾಗಿಲ್ಲ, ಜಾಗಗಳು ಚೆನ್ನ. ಆದರೆ ಇದನ್ನು ಗೆಲ್ಲಿಸಿದ್ದು ಡೆಲ್ವ್ ಅನ್ನುವ ಸಣ್ಣ ಗುಹೆಗಳು. 2007ರ ಸುಮಾರಿಗೆ ಈ ಆಟದಲ್ಲಿ ದೊಡ್ಡ ಬಹುಮಾನ ಬೇಕಿದ್ದರೆ 25 ಜನ ಸೇರಬೇಕಿತ್ತು. ಕರೆಂಟು ಹೋಗಿ ಒಬ್ಬಳು ಮಾಯವಾದರೆ ಉಳಿದ 24 ಜನರ ಶಾಪ. ಡೆಲ್ವ್‌ಗೆ ಒಬ್ಬಳೇ ಹೋಗಬಹುದು. ಕಾಲು ಗಂಟೆಯ ಕೆಲಸ. ಸುಲಭದ್ದು ಒಂದನೇ ಹಂತ, ಕಷ್ಟದ್ದು ಹನ್ನೊಂದನೇ ಹಂತ, ತಾಕತ್ತು ನೋಡಿಕೊಂಡು ಆರಿಸಿಕೊಳ್ಳಬಹುದು. ಜೊತೆಗೆ ಬ್ರಾನ್ ಬ್ರಾಂಜ್‌ಬಿಯರ್ಡ್ ಅನ್ನುವ ಗಡ್ಡದ ಕುಳ್ಳ ಬರುತ್ತಾನೆ, ಅವನನ್ನು ಆಡಿಸುವುದು ಕಂಪ್ಯೂಟರೇ. ಹೊಡೆಯುವುದಕ್ಕೂ ಇಟ್ಟುಕೊಳ್ಳಬಹುದು, ವೈದ್ಯನಾಗಿಯೂ ಇಟ್ಟುಕೊಳ್ಳಬಹುದು. ವೈದ್ಯನಾದರೆ ಮದ್ದಿನ ಬಾಟಲಿಗಳನ್ನು ನೆಲಕ್ಕೆ ಎಸೆಯುತ್ತಾನೆ, ಪ್ರಾಣ ಹೋಗುತ್ತಿರುವವಳೇ ಓಡಿ ಹೋಗಿ ಹೆಕ್ಕಿಕೊಳ್ಳಬೇಕು. ಬಾಯಿ ಮುಚ್ಚುವುದೇ ಇಲ್ಲ. ಆದರೂ ಕರೆಂಟು ಹೋದರೆ ಬೈಯುವುದಿಲ್ಲ. ಮಳೆಗಾಲದ ಮಲೆನಾಡಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗಲಾರ.

ಹಾಗಂತ ರೈಡ್, ಅಂದರೆ ದೊಡ್ಡ ತಂಡ ಕಟ್ಟಿಕೊಂಡು ಮಾಡುವ ಕಾಳಗ, ಬಿಡುವುದಕ್ಕೂ ಮನಸ್ಸಿಲ್ಲ. ಗಣೇಶನ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ 10ಕ್ಕೆ ರಾಣಿ ಅನ್ಸುರೆಕ್‌ಳ ಅರಮನೆ ತೆರೆಯಿತು, ಎಂಟು ದೊಡ್ಡ ಶತ್ರುಗಳು. ನಮ್ಮ ತಂಡದಲ್ಲಿ ಜಾಸ್ತಿ ಜನ ಆಸ್ಟ್ರೇಲಿಯಾದವರು. ಅವರ ಶನಿವಾರ ರಾತ್ರಿ ಅಂದರೆ ನಮಗೆ ಮಧ್ಯಾಹ್ನ ಮೂರೂವರೆ. ಒಂದು ಶನಿವಾರ ಎಲ್ಲರೂ ಸೇರಿ, ಆಟದೊಳಗಿನ ಊಟ, ಮದ್ದು ಹಂಚಿಕೊಂಡು, ಲೀಡರ್ ಎಣಿಸಲು ಶುರು ಮಾಡಿದ್ದ. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಮೆಸೇಜು ಬಂತು, ಒಂಟಿ ಸಲಗ ನಮ್ಮ ಕೆಳಗಿನ ತೋಟದ ಕಡೆ ಇಳಿದಿದೆ. ಅಲ್ಲಿ ಕೆಲಸದವರಿದ್ದರು. ಮಾವ ಅಂಗಳದಿಂದ ಕೂಗುತ್ತಿದ್ದರು. ನಾನು ಮೈಕಿನಲ್ಲಿ “ಆನೆ ಬಂತು, ಹೋಗ್ತೀನಿ” ಅಂತ ಇಂಗ್ಲಿಷಿನಲ್ಲಿ ಹೇಳಿ ಎದ್ದೆ.

ಎಲ್ಲರನ್ನೂ ಮನೆಯ ಹತ್ತಿರ ಕರೆತಂದು, ಆನೆ ಹಳ್ಳ ದಾಟಿತು ಅಂತ ಸುದ್ದಿ ಬಂದ ಮೇಲೆ ವಾಪಸ್ ಬಂದು ನೋಡಿದರೆ, ತಂಡದಲ್ಲಿ ಭಾರಿ ಚರ್ಚೆ. ಈ ಆಟದಲ್ಲಿ ಎಲೆಕ್ ಅಂತ ಆನೆಯ ಸವಾರಿ ಇದೆ. ನನಗೆ ಯಾವುದೋ ಅಪರೂಪದ ಎಲೆಕ್ ಸಿಕ್ಕಿರಬೇಕು, ಅದನ್ನು ಹಿಡಿಯಲು ರೈಡ್ ಬಿಟ್ಟು ಓಡಿದ್ದಾಳೆ ಅಂತ ತೀರ್ಮಾನವಾಗಿತ್ತು. ತಂಡದ ಗಾಯ ವಾಸಿ ಮಾಡುವ ಹೀಲರ್, ಮೆಲ್ಬರ್ನಿನ ಹುಡುಗಿಗೆ ಅದು ಎಲ್ಲಿ ಸಿಗುತ್ತದೆ ಅಂತ ತಿಳಿಯಬೇಕಿತ್ತು. ಮೈದುನ ಅಟ್ಟದಿಂದ ತೆಗೆದಿದ್ದ ವಿಡಿಯೋ ಕಳಿಸಿದೆ. ಗ್ರೂಪು ಪೂರ್ತಿ ತಣ್ಣಗಾಯಿತು.

ಈಗ ರೈಡ್ ಶುರುವಾಗುವ ಮೊದಲು ಲೀಡರ್ ಟ್ಯಾಂಕ್ (ಮುಂದೆ ನಿಂತು ಏಟು ತಿನ್ನುವವರು) ಬಂದ್ರಾ, ಹೀಲರ್ ಬಂದ್ರಾ ಅಂತ ಕೇಳುತ್ತಾನೆ. ಆಮೇಲೆ ನನ್ನ ಹೆಸರು ಹಿಡಿದು, ಆನೆ ಎಲ್ಲಿದೆ ಅಂತ ಕೇಳುತ್ತಾನೆ. ನಾನು ವಾಟ್ಸಾಪ್ ನೋಡಿ ಹೇಳಿದ ಮೇಲೆಯೇ ಎಣಿಕೆ ಶುರು.